ಸೂರ್ಯನಾರಾಯಣರ ಹಲಗೆಯ ಆಯುಷ್ಯ

ದಿಲ್ಲಿಯ ಲೋಧಿ ಕಾಲೋನಿಯ ನಮ್ಮ ಬ್ಲಾಕಿನಲ್ಲಿ ಸೂರ್ಯ ಚಂದ್ರರಿಬ್ಬರೂ ಒಂದೇ ಕ್ವಾರ್ಟರ್ಸಿನಲ್ಲಿದ್ದರು. ಚಂದ್ರಪ್ರಭಾ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಕ್ಲರ್ಕು. ಮನೆ ಅಲಾಟ್ ಆಗಿದ್ದದ್ದು ಅವರ ಹೆಸರಿಗೆ. ಗಂಡ ಸೂರ್ಯನಾರಾಯಣರು ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸ್ಟೋರ್ಸ್ ಸೂಪರಿಂಟೆಂಡೆಂಟು. ಹೀಗಾಗಿ ಆಕಾಶದ ನಿಯಮಕ್ಕೆ ತಿರುಗಾಮುರುಗಾ ಆಗಿ, ಅಲ್ಲಿ ಚಂದ್ರನ ಬೆಳಕಿನಲ್ಲಿ ಸೂರ್ಯ ಬದುಕುತ್ತಿದ್ದ. ಈ ಮಾತನ್ನು ಅವರೆದುರಿಗೇ ಒಮ್ಮೆ ಆಡಿ ಆರು ತಿಂಗಳು ಆ ಮನೆಯ ಫಿಲ್ಟರ್ ಕಾಫಿ ಕಳೆದುಕೊಂಡವಳು ನಾನು.

ಸೂರ್ಯನಾರಾಯಣರು ಕೆಟ್ಟವರಲ್ಲ. ಯಾರ ಮನೆಯ ನಲ್ಲಿ ಸೋರಿದರೂ ವಾಷರ್ ಹಿಡಿದುಕೊಂಡು ಓಡುವವರು. ಆದರೆ ಅದೇ ಮನೆಯ ನಲ್ಲಿಯಲ್ಲಿ ನೀರು ತಮ್ಮ ಮನೆಯದಕ್ಕಿಂತ ಜೋರಾಗಿ ಬಂದರೆ ಅವರಿಗೆ ಅಂದು ಊಟ ಸೇರುತ್ತಿರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಅಸೂಯೆಯನ್ನು ಏಳು ಮಹಾಪಾಪಗಳಲ್ಲಿ ಒಂದೆಂದು ಕಲಿಸಿದ್ದರು. ಸೂರ್ಯನಾರಾಯಣರ ಡಾಕ್ಟರು ಅದನ್ನು ಅಸಿಡಿಟಿ ಎಂದು ಬರೆದುಕೊಟ್ಟಿದ್ದರು. ಹೊಟ್ಟೆಯುರಿಗೆ ಎರಡು ಹೊತ್ತು ಗುಲಾಬಿ ಬಣ್ಣದ ಔಷಧಿ ಕುಡಿಯುತ್ತಿದ್ದರು, ಪಾಪ.

ಆ ಔಷಧಿಯ ಬಾಟಲಿ ಬೇಗ ಬೇಗ ಖಾಲಿಯಾಗಲು ಕಾರಣ ಮೇಲಿನ ಮನೆಯ ಅಚ್ಚಪ್ಪ. ಕೊಡಗಿನವರು, ಸೈನ್ಯದ ಇಂಜಿನಿಯರ್ಸ್‌ನಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಸರ್ಕಾರಿ ನೌಕರಿಯಲ್ಲಿದ್ದ ಮಗಳು ಜೀವಿತಾಳ ಜೊತೆ ಇದ್ದವರು. ಅವರೂ ಅದೇ ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಆಫೀಸರು. ಬೆಳಿಗ್ಗೆ ಮಾನೇಸರ್‌ಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಹತ್ತುತ್ತಿದ್ದರು. ಡ್ರೈವರು ಅಚ್ಚಪ್ಪನವರಿಗೆ ಸಲ್ಯೂಟ್ ಹೊಡೆದು ಮುಂದಿನ ಸೀಟು ಕೊಡುತ್ತಿದ್ದ. ಸೂರ್ಯನಾರಾಯಣರಿಗೆ ‘ಭಾಯಿಸಾಬ್, ಪೀಛೆ’ ಎನ್ನುತ್ತಿದ್ದ. ಹನ್ನೊಂದು ವರ್ಷದ ಮಾತಿದು, ಹನ್ನೊಂದು ವರ್ಷದ ಉರಿ.

೨೦೦೯ರ ಫೆಬ್ರವರಿಯಲ್ಲಿ, ಕಾರ್ಖಾನೆಯಲ್ಲಿದ್ದ ಜರ್ಮನ್ ಇಂಜಿನಿಯರ್ ಕ್ಲೌಸ್ ತನ್ನ ದೇಶಕ್ಕೆ ಹಿಂತಿರುಗಿದ. ಕೆಲಸಗಾರರೆಲ್ಲ ಅವನನ್ನು ಕ್ಲಾಸ್ ಸಾಹೇಬ್ ಎನ್ನುತ್ತಿದ್ದರು. ದಿನಕ್ಕೆ ನಾಲ್ಕು ಜನಕ್ಕೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದುದರಿಂದ ಯಾರೂ ಅದನ್ನು ತಿದ್ದಿಕೊಳ್ಳಲಿಲ್ಲ. ಹೋಗುವಾಗ ಸೋಫಾ, ಟಿವಿ ಎಲ್ಲ ಯಾರ್ಯಾರಿಗೋ ಹಂಚಿ, ಉಳಿದಿದ್ದ ಎರಡು ದೊಡ್ಡ ಚೀಲಗಳನ್ನು ಅಚ್ಚಪ್ಪನವರಿಗೊಂದು, ಸೂರ್ಯನಾರಾಯಣರಿಗೊಂದು ಕೊಟ್ಟ. ಒಳಗಿದ್ದದ್ದು ಗಾಳಿ ತುಂಬುವ ಪ್ಯಾಡಲ್‌ಬೋರ್ಡು. ಸುರುಳಿ ಸುತ್ತಿದರೆ ಹಾಸಿಗೆ, ಪಂಪು ಹೊಡೆದರೆ ಹತ್ತಡಿ ಉದ್ದದ ಗಟ್ಟಿ ಹಲಗೆ. ಕೆರೆಯಲ್ಲಿ ಅದರ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಒಂದೇ ಹುಟ್ಟು ಹಾಕುತ್ತಾ ಸಾಗಬೇಕು. ಎರಡೂ ನೀಲಿ, ಎರಡೂ ಹೊಸದರ ಹಾಗೆ, ಎರಡೂ ಒಂದೇ ಅಳತೆ.

“ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುತ್ತದೆ, ಇಲ್ಲದಿದ್ದರೆ ಎರಡು ವರ್ಷ,” ಎಂದು ಕ್ಲೌಸ್ ತನ್ನ ಕೊನೆಯ ಕ್ಲಾಸು ತೆಗೆದುಕೊಂಡ.

ಸೂರ್ಯನಾರಾಯಣರಿಗೆ ಈಜು ಬರುತ್ತಿರಲಿಲ್ಲ. ಆದರೆ ಅವರ ಮಗಳು ಅನನ್ಯಾಳಿಗೆ ಬರುತ್ತಿತ್ತು. ಹನ್ನೆರಡು ವರ್ಷದ ಹುಡುಗಿ, ಶಾಲೆಯ ಈಜುಕೊಳದಲ್ಲಿ ಮೀನು. ಚೀಲ ಬಿಚ್ಚಿದ ದಿನ ಅವಳು ಅಪ್ಪನ ಕುತ್ತಿಗೆಗೆ ಜೋತುಬಿದ್ದು, “ಪಪ್ಪಾ, ಯೂ ಆರ್ ದ ಬೆಸ್ಟ್! ನಾನು ಇದ್ರ ಮೇಲೇನೇ ಸೀಖೂಂಗಿ, ಕಲೀತೀನಿ ನೋಡು,” ಎಂದಳು. ಮಗಳು ಮೊದಲ ಸಲ ನೀರಿನ ಮೇಲೆ ನಿಲ್ಲುವುದು ತನ್ನ ಹಲಗೆಯ ಮೇಲೆ ಎಂದು ಸೂರ್ಯನಾರಾಯಣರು ಆ ಕ್ಷಣವೇ ನಿಶ್ಚಯಿಸಿದರು. ನಮ್ಮ ಸುತ್ತಲಿನ ಕನ್ನಡ ಮನೆಗಳವರೆಲ್ಲ ದಸರಾ ಆದ ಮೇಲೆ ಸೋಹ್ನಾ ಕಡೆಯ ದಮ್‌ದಮಾ ಕೆರೆಗೆ ಪಿಕ್‌ನಿಕ್ ಹೋಗುವ ರೂಢಿಯಿತ್ತು. ಅಂದೇ ಆ ಮುಹೂರ್ತ.

ಚಂದ್ರಪ್ರಭಾ ಹಲಗೆಯ ಬಟ್ಟೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಸೀರೆಯಂಗಡಿಯಲ್ಲಿ ಸೆರಗು ನೋಡುವ ಹಾಗೆ.

“ರೀ, ಇದನ್ನ ಒಂದೇ ಮಡಿಕೇಲಿ ಇಡ್ಬೇಡಿ. ಗೆರೆ ಬಿದ್ದ ಕಡೆ ಬಿರಿಯುತ್ತೆ. ಬಿಸಿಲಿಗೂ ಹಾಕ್ಬೇಡಿ. ನನ್ನ ಧಾರೆ ಸೀರೆ ನೋಡಿ, ಇಪ್ಪತ್ತು ವರ್ಷ ಆಯ್ತು, ಒಂದು ಎಳೆ ಹೋಗಿಲ್ಲ.”

“ಇದು ಸೀರೆ ಅಲ್ಲ ಚಂದ್ರಾ, ಇಂಜಿನಿಯರಿಂಗು,” ಎಂದರು ಸೂರ್ಯನಾರಾಯಣರು.

ಮೊದಲ ಭಾನುವಾರ ಮೇಲಿನ ಮನೆಯಿಂದ ಪಂಪಿನ ಸದ್ದು ಬಂತು. ಲೋಧಿ ಕಾಲೋನಿಯ ಹಳೆಯ ಚಾವಣಿಯಲ್ಲಿ ಮೇಲಿನವರ ಚಮಚ ಬಿದ್ದರೂ ಕೇಳುತ್ತದೆ. ಸೂರ್ಯನಾರಾಯಣರು ಪೇಪರ್ ಮಡಚಿಟ್ಟು ಎಣಿಸತೊಡಗಿದರು. ಇನ್ನೂರ ಹತ್ತಕ್ಕೆ ಸದ್ದು ನಿಂತಿತು. ಅವರು ಕೂಡಲೇ ತಮ್ಮ ಹಲಗೆಯನ್ನು ಟೆರೇಸಿಗೆ ಹೊತ್ತುಕೊಂಡು ಹೋಗಿ ಇನ್ನೂರ ಐವತ್ತು ಹೊಡೆದರು. ಪಂಪಿನ ಮುಳ್ಳು ಹನ್ನೆರಡರಲ್ಲಿ ನಿಲ್ಲಬೇಕೆಂದು ವಾಲ್ವಿನ ಪಕ್ಕದಲ್ಲೇ ಬರೆದಿತ್ತು. ಅವರದು ಹದಿನೈದು ದಾಟಿತು. ಉಬ್ಬಿದ್ದು ಹಲಗೆಯೋ ಅವರೋ ಹೇಳುವುದು ಕಷ್ಟವಿತ್ತು.

ಅಲ್ಲಿಂದ ಮುಂದೆ ಹಲಗೆ ಟೆರೇಸಿನಲ್ಲೇ, ನೀರಿನ ಟ್ಯಾಂಕಿಗೆ ಒರಗಿಕೊಂಡು, ಬೀದಿಗೆ ಕಾಣುವಂತೆ ನಿಂತಿತು. ಆಟೋದವರು ಕತ್ತೆತ್ತಿ ನೋಡುತ್ತಿದ್ದರು. ಗೋಬಿ ಮಾರುವ ಭಯ್ಯಾ “ಸಾಬ್, ಯೇ ಹವಾಯಿ ಜಹಾಜ್ ಕಾ ಪಂಖ್ ಹೈ ಕ್ಯಾ?” ಎಂದು, ವಿಮಾನದ ರೆಕ್ಕೆಯೇನೋ ಎನ್ನುವಂತೆ, ಕೇಳಿದ್ದನ್ನು ಅವರು ಬಸ್ಸಿನಲ್ಲಿ ಮೂರು ಸಲ ಹೇಳಿದರು. ಹಿಂದಿಯಲ್ಲಿ ಹವಾ ಎಂದರೆ ಗಾಳಿ, ಕನ್ನಡದಲ್ಲಿ ಹವಾ ಎಂದರೆ ದರ್ಬಾರು, ಎರಡೂ ಸೇರಿ ಬ್ಲಾಕಿನಲ್ಲಿ ಅವರದೇ ಹವಾ. ಹಲಗೆಗೆ ಮಿಂಚು ಬರಲೆಂದು ಕಾರಿನ ಟೈರಿಗೆ ಹಚ್ಚುವ ಪಾಲಿಶ್ ತಂದು ಪ್ರತಿ ವಾರ ತಿಕ್ಕಿದರು. ಜೊತೆಗೆ ಬಂದಿದ್ದ ರಿಪೇರಿ ಕಿಟ್ಟನ್ನು ಮಾತ್ರ ಮುಟ್ಟಲಿಲ್ಲ. ಸೀಲು ಒಡೆಯದ ಮಾಲೇ ಮಾಲು ಎನ್ನುವುದು ಅವರ ಸ್ಟೋರ್ಸಿನ ಧರ್ಮ. ಕಿಟ್ಟು ಗೋದ್ರೆಜ್ ಬೀರುವಿನೊಳಗೆ ಹೋಯಿತು.

ಅಚ್ಚಪ್ಪನವರ ಹಲಗೆ ಯಾರಿಗೂ ಕಾಣುತ್ತಿರಲಿಲ್ಲ. ಅದು ಕಾಣುತ್ತಿದ್ದುದು ದಮ್‌ದಮಾದಲ್ಲಿ. ತಿಂಗಳಿಗೆರಡು ಭಾನುವಾರ ಬೆಳಿಗ್ಗೆ ಜೀವಿತಾಳ ಓಮ್ನಿಯಲ್ಲಿ ಅದನ್ನು ಹಾಕಿಕೊಂಡು ಹೋಗುತ್ತಿದ್ದರು. ಅನನ್ಯಾಳೂ ಹಟ ಮಾಡಿ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದಳು. ಅಪ್ಪನಿಗೆ ಕೊಟ್ಟ ಮಾತಿನಂತೆ ಹಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಕೂತು, ಮಂಡಿಯೂರಿ ಹುಟ್ಟು ಹಾಕಿ ಬರುತ್ತಿದ್ದಳು. ಆದರೆ ಊಟಕ್ಕೆ ಕೂತಾಗ ಶುರು.

“ಪಪ್ಪಾ, ಅಚ್ಚಪ್ಪ ಅಂಕಲ್ ಹೇಳಿದ್ರು, ದಡದ ಮೇಲೆ ಎಳೀಬಾರ್ದಂತೆ, ಎತ್ಕೊಂಡೇ ಹೋಗ್ಬೇಕಂತೆ.”

“ಹ್ಞೂಂ. ಊಟ ಮಾಡು.”

“ವಾಪಸ್ ಬಂದು ಒಳ್ಳೆ ನೀರಲ್ಲಿ ತೊಳೀಬೇಕಂತೆ. ಫಿರ್ ಫ್ಯಾನ್ ಕೆಳಗೆ ಪೂರಾ ಒಣಗಿಸ್ಬೇಕಂತೆ. ಅಂಕಲ್ ಆರ್ಮಿಲಿ ರಬ್ಬರ್ ಬೋಟ್ ಹೀಗೇ ಇಡ್ತಿದ್ರಂತೆ.”

“ಯುದ್ಧಕ್ಕೆ ಹೋಗಿ ಬೋಟು ತೊಳೀತಿದ್ರಾ ನಿಮ್ಮ ಅಂಕಲ್ಲು?”

ಚಂದ್ರಪ್ರಭಾ ಎಂದರು: “ಹುಳಿ ಹಾಕ್ಲಾ?” ಆಮೇಲೆ ಗಂಡನ ಮುಖ ನೋಡಿ, “ಬೇಡ ಬಿಡಿ, ಆಗ್ಲೇ ಸಾಕಷ್ಟಿದೆ,” ಎಂದು ಪಾತ್ರೆ ಪಕ್ಕಕ್ಕಿಟ್ಟರು. ಇಂಥ ಮಾತುಗಳನ್ನು ಅವರು ನನ್ನಿಂದ ಕಲಿತದ್ದೆಂದು ಸೂರ್ಯನಾರಾಯಣರ ಆರೋಪ.

ಮೇ ತಿಂಗಳಲ್ಲಿ ದಿಲ್ಲಿಯ ಬಿಸಿಲು ನಲವತ್ತೈದಕ್ಕೆ ಏರಿತು. ಟೆರೇಸಿನ ಮೇಲೆ ಮಾವಿನಮಿಡಿ ಅರ್ಧ ದಿನಕ್ಕೇ ಸುಕ್ಕುತ್ತಿತ್ತು. ಬಿಗಿಯಾಗಿ ತುಂಬಿದ ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಒಳಗೆ ಜಾಗವಿಲ್ಲದಿದ್ದರೆ ಹೊಲಿಗೆಯನ್ನು ದಬ್ಬುತ್ತದೆ. ಒಂದು ಮಧ್ಯಾಹ್ನ ಟ್ಯಾಂಕಿನ ಹತ್ತಿರ ಬಟ್ಟೆ ಒಣಹಾಕಲು ಹೋಗಿದ್ದ ನನಗೆ ಬುಸ್ ಎಂದು ಕೇಳಿಸಿತು. ಹಾವೆಂದು ಕಿರುಚಿದೆ. ಸೂರ್ಯನಾರಾಯಣರು ಕೋಲು ಹಿಡಿದು ಬಂದು, ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿದ ಮೇಲೆ ಕೋಲನ್ನು ಮೆಲ್ಲಗೆ ಕೆಳಗಿಟ್ಟರು. ಹಲಗೆಯ ಬಾಲದ ಹತ್ತಿರ, ಅಂಚಿನ ಪಕ್ಕ, ಅರ್ಧ ಬೆರಳಿನಷ್ಟು ಬಿರುಕು. ನೀಲಿ ಬಣ್ಣವೂ ತೊಳೆದ ಯೂನಿಫಾರ್ಮಿನಂತೆ ಮಾಸಿತ್ತು. ಸೂರ್ಯನ ಹಲಗೆಯನ್ನು ಸೂರ್ಯನೇ ತಿಂದಿದ್ದ.

“ಮೇಲಿನವ್ರಿಗೆ ಹೇಳ್ಬೇಡಿ,” ಎಂದು ನನ್ನಲ್ಲಿ ಬೇಡಿಕೊಂಡರು. ಮೇಲಿನವನಿಗೆ ಮೊದಲೇ ಗೊತ್ತಿತ್ತು. ಮೇಲಿನವರಿಗೆ ನಾನು ಹೇಳಲಿಲ್ಲ.

ಮನೆಯಲ್ಲಿ ಕಿಟ್ಟಿತ್ತು. ಆದರೆ ಸೀಲು ಒಡೆಯಲು ಕೈ ಬರಲಿಲ್ಲ. ಗಾಳಿ ಬಿಟ್ಟ ಹಲಗೆಯನ್ನು ಆಟೋದಲ್ಲಿ ಹಾಕಿಕೊಂಡು ಸರೋಜಿನಿ ನಗರದ ಪಂಕ್ಚರ್ ಭಯ್ಯಾನ ಹತ್ತಿರ ಹೋದರು. ಆತ ಅದನ್ನು ಎರಡು ಸಲ ತಿರುವಿ ನೋಡಿ, “ಗದ್ದಾ ಹೈ?” ಎಂದು, ಹಾಸಿಗೆಯೆಂದೇ ತಿಳಿದು, ಕೇಳಿ, ಉಪ್ಪುಕಾಗದದಲ್ಲಿ ಉಜ್ಜಿ, ಸೈಕಲ್ ಟ್ಯೂಬಿನ ತುಂಡಿಗೆ ಸಲ್ಯೂಷನ್ ಬಳಿದು ಬಡಿದು ಅಂಟಿಸಿದ. ಹತ್ತು ನಿಮಿಷದ ಕೆಲಸ. ಗಾಳಿ ನಿಂತಿತು. ಸೂರ್ಯನಾರಾಯಣರಿಗೆ ಉಸಿರು ಬಂತು. ತೇಪೆಯ ಮೇಲೆ ಕಪ್ಪು ಕಾಣದಂತೆ ಇನ್ನೊಂದಿಷ್ಟು ಪಾಲಿಶ್ ಬಳಿದರು.

ಆದರೂ ಅಚ್ಚಪ್ಪನ ಹಲಗೆ ಯಾಕೆ ಇನ್ನೂ ಹೊಸದರ ಹಾಗಿದೆ ಎನ್ನುವುದು ಅವರಿಗೆ ಬಿಡಿಸಲಾಗದ ಕಗ್ಗಂಟಾಯಿತು. ಸೈನ್ಯದವರು ಏನೋ ಎಣ್ಣೆ ಹಚ್ಚುತ್ತಾರೆ, ಕ್ಯಾಂಟೀನಿನಲ್ಲಿ ಅವರಿಗೆ ಮಾತ್ರ ಸಿಗುವಂಥದ್ದು ಎಂದು ಅವರ ಗುಮಾನಿ. ಆಗಸ್ಟಿನ ಒಂದು ಭಾನುವಾರ, ಜೀವಿತಾ ಅಕ್ಕಿರೊಟ್ಟಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಹಿಂತಿರುಗಿಸುವ ನೆಪದಲ್ಲಿ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದಿತ್ತು. ಒಳಗೆ ನೋಡಿದವರು ಡಬ್ಬಿ ಹಿಡಿದು ಹಾಗೇ ನಿಂತುಬಿಟ್ಟರು.

ಫ್ಯಾನಿನ ಕೆಳಗೆ ಅಚ್ಚಪ್ಪನ ನೀಲಿ ಹಲಗೆ ಗಾಳಿ ಬಿಟ್ಟು ಚಾಪೆಯಂತೆ ಹಾಸಿತ್ತು. ಅದರ ಒಂದು ಕೊನೆಗೆ ಸುಬೇದಾರರು ಮಂಡಿಯೂರಿದ್ದರು. ಇನ್ನೊಂದು ಕೊನೆಗೆ, ಸೆರಗು ಸಿಕ್ಕಿಸಿಕೊಂಡು, ತಮ್ಮ ಸ್ವಂತ ಚಂದ್ರಪ್ರಭಾ.

“ಅಷ್ಟು ಬಿಗಿ ಸುತ್ಬೇಡಿ ಅಣ್ಣಾ, ಸಡಿಲ ಇರ್ಲಿ,” ಎನ್ನುತ್ತಿದ್ದರು ಚಂದ್ರಪ್ರಭಾ. “ಹೋದ ತಿಂಗಳು ಬಾಲದಿಂದ ಸುತ್ತಿದ್ವಲ್ಲ? ಈ ಸಲ ತಲೆಯಿಂದ. ನಡುವೆ ಈ ಹಳೇ ಪಂಚೆ ಇಡಿ, ಉಳಿದ ತೇವ ಅದು ಕುಡಿಯುತ್ತೆ. ನುಸಿಗುಳಿಗೆ ಮಾತ್ರ ಹಾಕ್ಬೇಡಿ, ಸೀರೆಗೂ ನಾನು ನೇರ ತಾಗಿಸಲ್ಲ.”

“ಜೋ ಹುಕುಮ್ ತಂಗಿ. ನಮ್ಮ ರೆಜಿಮೆಂಟಲ್ಲಿ ಮಡಿಕೆ ಬದಲಾಯ್ಸೋದು ಯಾರೂ ಹೇಳ್ಕೊಟ್ಟಿರ್ಲಿಲ್ಲ. ಮಾರ್ಚಿನಲ್ಲೇ ಗೆರೆ ಬಿಳಿಯಾಗಕ್ಕೆ ಶುರುವಾಗಿತ್ತು. ನಿಮ್ಮನ್ನ ಕೇಳಿದ್ದು ಒಳ್ಳೇದಾಯ್ತು.”

ಸೂರ್ಯನಾರಾಯಣರು ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಸದ್ದಿಲ್ಲದೆ ಇಳಿದರು. ಅವರ ಹನ್ನೊಂದು ವರ್ಷದ ಉರಿಗೆ ಅಂದು ತುಪ್ಪ ಬಿದ್ದಿತ್ತು. ವೈರಿಯ ಬ್ರಹ್ಮಾಸ್ತ್ರ ತಮ್ಮದೇ ಮನೆಯ ಬೀರುವಿನಿಂದ ಹೋಗಿತ್ತು. ಹೆಂಡತಿ ಕೆಳಗೆ ಬಂದದ್ದೇ ತಡ, ಕೇಳಿದರು:

“ನಮ್ಮನೆ ಗುಟ್ಟನ್ನ ಮೇಲಿನವ್ರಿಗೆ ಯಾಕೆ ಕೊಟ್ಟೆ?”

“ಯಾವ ಗುಟ್ಟು?”

“ಮಡಿಕೆ!”

“ನಿಮಗೂ ಹೇಳಿದ್ದೆನಲ್ಲ ರೀ. ಫೆಬ್ರವರೀಲೇ ಹೇಳಿದ್ದೆ. ನಿಮಗೇ ಮೊದ್ಲು ಹೇಳಿದ್ದು. ಅಚ್ಚಪ್ಪಣ್ಣ ಕೇಳಿಸ್ಕೊಂಡ್ರು, ಅಷ್ಟೆ ವ್ಯತ್ಯಾಸ.”

ಅಂದು ಸಂಜೆ ಸೂರ್ಯನಾರಾಯಣರು ಟೆರೇಸಿನಿಂದ ಹಲಗೆ ಇಳಿಸಿ, ಗಾಳಿ ಬಿಟ್ಟು, ತಮ್ಮದೂ ಒಂದು ಪಂಚೆ ಇಟ್ಟು ಸುತ್ತಿದರು. ಒಳ್ಳೆಯ ಪಂಚೆ, ಜರಿಯಂಚಿನದು, ಅಚ್ಚಪ್ಪನದಕ್ಕಿಂತ ಮೇಲಿರಬೇಕಲ್ಲ. ಆದರೆ ಮಳೆಯಲ್ಲಿ ನೆನೆದಿದ್ದ ಹಲಗೆಯನ್ನು ಒಣಗಿಸುವುದು ಮರೆತರು. ದಸರಾ ಹೊತ್ತಿಗೆ ಪಂಚೆಗೂ ಹಲಗೆಗೂ ಒಂದೇ ಬೂಷ್ಟು ಹಿಡಿದಿತ್ತು. ಒರೆಸಿ, ಮತ್ತೆ ಪಾಲಿಶ್ ಬಳಿದರು.

ಅಕ್ಟೋಬರ್ ಮೊದಲ ವಾರ ದಮ್‌ದಮಾ. ನಾಲ್ಕು ಕನ್ನಡ ಸಂಸಾರ, ಮೂರು ಕಾರು, ಒಂದು ಡಬರಿ ಪುಳಿಯೋಗರೆ. ದಡದಲ್ಲಿ ಎರಡು ಹಲಗೆಗಳನ್ನು ಅಕ್ಕಪಕ್ಕ ಇಟ್ಟು ಗಾಳಿ ತುಂಬಿದರು. ಎಂಟು ತಿಂಗಳ ಹಿಂದೆ ಅವು ಅವಳಿಗಳಾಗಿದ್ದವು. ಈಗ ಒಂದು ಮದುವೆ ಗಂಡಿನ ಹಾಗೆ, ಇನ್ನೊಂದು ಅದರ ಸೋದರಮಾವನ ಹಾಗೆ ಕಾಣುತ್ತಿತ್ತು.

ಅಚ್ಚಪ್ಪ ತೇಪೆಯನ್ನು ನೋಡಿದರು. ಮಿಕ್ಕವರಿಗೆ ಕೇಳಿಸದಂತೆ ಹೇಳಿದರು: “ಸಾಬ್, ಇದು ಸೈಕಲ್ ಸಲ್ಯೂಷನ್ ಅಲ್ವಾ? ಈ ಬಟ್ಟೆಗೆ ಅದು ನಿಲ್ಲಲ್ಲ. ಕಿಟ್‌ನಲ್ಲಿ ಅದರದೇ ಗೋಂದು ಇರುತ್ತೆ, ಹಚ್ಚಿ ಒಂದಿಡೀ ದಿನ ಬಿಡ್ಬೇಕು. ಒಂದು ನಿಮಿಷ ಸೋಪ್ ನೀರು ಹಾಕಿ ಗುಳ್ಳೆ ಬರುತ್ತಾ ನೋಡೋಣ್ವಾ?”

“ಸೋಪು ನೀವೇ ಹಾಕ್ಕೊಳ್ಳಿ ಅಚ್ಚಪ್ಪನವ್ರೇ,” ಎಂದರು ಸೂರ್ಯನಾರಾಯಣರು. “ಅನನ್ಯಾ, ಬಾ. ಫಸ್ಟ್ ನಮ್ಮದು.”

ಅನನ್ಯಾ ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಂಡು ಬಂದಳು. ಒಮ್ಮೆ ಅಚ್ಚಪ್ಪನ ಹಲಗೆಯನ್ನು, ಒಮ್ಮೆ ಅಪ್ಪನ ಮುಖವನ್ನು ನೋಡಿದಳು. ಅಪ್ಪನ ಹಲಗೆ ಹತ್ತಿದಳು. ಸೂರ್ಯನಾರಾಯಣರು ಪ್ಯಾಂಟು ಮಡಚಿ ಮಂಡಿಮಟ್ಟದ ನೀರಿನಲ್ಲಿ ನಿಂತು ಹಲಗೆಯ ಬಾಲ ಹಿಡಿದಿದ್ದರು. ಹುಡುಗಿ ಮಂಡಿಯೂರಿದಳು. ಒಂದು ಕಾಲು ಊರಿದಳು. ಟೈರ್ ಪಾಲಿಶಿನ ಮೇಲೆ ಪಾದ ಸರ್ರನೆ ಜಾರಿ ಧೊಪ್ಪೆಂದು ಕೂತಳು.

“ಕೋಯೀ ಬಾತ್ ನಹೀಂ ಪಪ್ಪಾ, ಇನ್ನೊಂದ್ಸಲ,” ಎಂದು ನಕ್ಕಳು. ತಾನು ಬಿದ್ದದ್ದಕ್ಕೆ ಅವಳು ಅಪ್ಪನನ್ನು ಸಮಾಧಾನ ಮಾಡುತ್ತಿದ್ದಳು.

ಆಗ ಸೂರ್ಯನಾರಾಯಣರಿಗೆ ಕಾಣಿಸಿತು. ಅವರ ಹೆಬ್ಬೆರಳಿನ ಪಕ್ಕದಲ್ಲೇ, ತೇಪೆಯ ಅಂಚಿನಿಂದ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲಾಗಿ, ಸಣ್ಣ ಸಣ್ಣವು. ಅದನ್ನು ಕಂಡದ್ದು ಅವರೊಬ್ಬರೇ. ದಡದಲ್ಲಿ ನಾವೆಲ್ಲ ಚಪ್ಪಾಳೆಗೆ ಕೈ ಎತ್ತಿ ಕಾಯುತ್ತಿದ್ದೆವು. ಇನ್ನೊಂದೇ ಸಲ ಅವಳು ಎದ್ದು ನಿಂತರೆ ಸಾಕಿತ್ತು. ಎಂಟು ತಿಂಗಳಿನಿಂದ ಕಾದಿದ್ದ ಆ ಕ್ಷಣ ಕೈಗೆ ಸಿಗುತ್ತಿತ್ತು. ಆಮೇಲೆ ಹಲಗೆ ಮುಳುಗಿದರೂ ಯಾರು ಕೇಳುತ್ತಿದ್ದರು? ತೇಪೆಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದರು. ಗುಳ್ಳೆ ಬೆರಳ ಸಂದಿಯಿಂದ ಬಂತು. ಅನನ್ಯಾ ಎರಡನೆಯ ಸಲ ಕಾಲು ಊರಿದಳು. ಹಲಗೆ ನಡುವಿನಲ್ಲಿ ನೆನೆದ ಹಪ್ಪಳದಂತೆ ಬಾಗಿತು.

“ಇಳಿ ಮಗಳೇ,” ಎಂದರು ಸೂರ್ಯನಾರಾಯಣರು.

“ಪಪ್ಪಾ, ಆಗುತ್ತೆ—”

“ಇಳಿ ಅಂದ್ನಲ್ಲ. ಇದು ಹೋಯ್ತು.” ಆಮೇಲೆ ದಡದ ಕಡೆ ತಿರುಗಿ, ಔಷಧಿ ನುಂಗುವ ಮುಖ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, “ಅಚ್ಚಪ್ಪನವ್ರೇ, ನಿಮ್ಮದು ಕೊಡಿ,” ಎಂದರು.

ಸುಬೇದಾರರು ಹಲಗೆಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನೀರಿನ ಮೇಲೆ ಮೆಲ್ಲಗಿಟ್ಟು, ಅದರ ಬಾಲವನ್ನು ಸೂರ್ಯನಾರಾಯಣರ ಕೈಗೇ ಕೊಟ್ಟು ಹಿಂದೆ ಸರಿದರು. “ನೀವೇ ಹಿಡೀರಿ ಸಾಬ್. ನನ್ನ ಸೊಂಟ ಬಗ್ಗಲ್ಲ.” ಬೆಳಿಗ್ಗೆ ಇನ್ನೂರ ಹತ್ತು ಸಲ ಬಗ್ಗಿ ಪಂಪು ಹೊಡೆದ ಸೊಂಟ ಅದು.

ಅನನ್ಯಾ ಮಂಡಿಯೂರಿದಳು, ಕಾಲು ಊರಿದಳು, ಎದ್ದಳು. ತೋಳು ಚಾಚಿ, ತೂಗಾಡಿ, ನಿಂತಳು. ಅಪ್ಪ ಕೈಬಿಟ್ಟರು. ಹುಟ್ಟು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಹುಡುಗಿ ಹತ್ತು ಮಾರು ದೂರ ಹೋಗಿ, ತಿರುಗಿ ನೋಡಲಾಗದೆ, ಮುಂದಕ್ಕೇ ನೋಡುತ್ತಾ ಕೂಗಿದಳು: “ಪಪ್ಪಾ! ಪಪ್ಪಾ, ದೇಖೋ!”

ನಾನು ಸೂರ್ಯನಾರಾಯಣರ ಮುಖ ನೋಡಿದೆ. ಮೊದಲು ನಕ್ಕರು. ಆಮೇಲೆ ಅವಳ ಕಾಲಡಿಯ ನೀಲಿಯನ್ನು ನೋಡಿ ನಗು ಅರ್ಧಕ್ಕೆ ನಿಂತಿತು. ಮತ್ತೆ ನಕ್ಕರು. ಆ ಮನುಷ್ಯನೊಳಗೆ ಅಷ್ಟು ಹೊತ್ತು ಎರಡು ಪಂಪುಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು.

ಒಂದು ಗಂಟೆ ಆಡಿ ಹಿಂತಿರುಗುವಾಗ, ಖುಷಿಯಲ್ಲಿ ಎಲ್ಲ ಪಾಠ ಮರೆತ ಅನನ್ಯಾ ಹಲಗೆಯನ್ನು ದಡದ ಮೇಲೆ ದರದರ ಎಳೆದುಕೊಂಡು ಬಂದಳು. ದಡದ ತುಂಬ ಕೀಕರ್ ಜಾಲಿಯ ಮುಳ್ಳು. ಬುಸ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು.

ಆ ಸದ್ದು ಕೇಳಿ ತಮ್ಮ ಹೊಟ್ಟೆಯ ಉರಿ ತಣ್ಣಗಾಯಿತೆಂದು ಸೂರ್ಯನಾರಾಯಣರೇ ಆಮೇಲೆ ಒಪ್ಪಿಕೊಂಡರು. ಒಂದು ಕ್ಷಣದ ಮಟ್ಟಿಗೆ, ಐಸ್‌ಕ್ರೀಮಿನಷ್ಟು ತಣ್ಣಗೆ. ಆಮೇಲೆ ಮಗಳ ಮುಖ ಕಂಡಿತು. ಅವಳು ಮುಳ್ಳನ್ನು ಹಿಡಿದುಕೊಂಡು, ಅಳು ತಡೆಯುತ್ತಾ, “ಸಾರಿ ಅಂಕಲ್, ಮೈನೇ ಖರಾಬ್ ಕರ್ ದಿಯಾ, ನಾನೇ ಹಾಳ್ಮಾಡ್ದೆ,” ಎನ್ನುತ್ತಿದ್ದಳು.

“ಅಯ್ಯೋ, ಒಂದು ತೂತಲ್ವಾ ಮಗಾ,” ಎಂದರು ಅಚ್ಚಪ್ಪ. ಆದರೆ ಗಡ್ಡ ಕೆರೆದುಕೊಂಡರು. “ನನ್ನ ಕಿಟ್‌ನ ಗೋಂದು ಒಂದ್ಸಲ ತೆರೆದು ಒಣಗಿಹೋಗಿದೆ. ಇಲ್ಲಿ ಎಲ್ಲೂ ಸಿಗಲ್ಲ. ಕ್ಲೌಸಿಗೆ ಬರೆದು ಕೇಳ್ಬೇಕು.”

ಚಂದ್ರಪ್ರಭಾ ಗಂಡನ ಕಡೆ ನೋಡಲೂ ಇಲ್ಲ. ಪುಳಿಯೋಗರೆಯ ಡಬರಿಯ ಮುಚ್ಚಳ ಮುಚ್ಚುತ್ತಿದ್ದರು.

“ನನ್ನ ಹತ್ರ ಇದೆ,” ಎಂದರು ಸೂರ್ಯನಾರಾಯಣರು. “ಸೀಲ್ ಒಡೆದಿಲ್ಲ.”

ಮುಂದಿನ ಭಾನುವಾರ ಬೆಳಿಗ್ಗೆ ಗೋದ್ರೆಜ್ ಬೀರು ತೆರೆಯಿತು. ಸೂರ್ಯನಾರಾಯಣರು ಕಿಟ್ಟನ್ನು ಮೇಲಿನ ಮನೆಗೆ ಒಯ್ದು, ಅದರ ಸೀಲನ್ನು ಬ್ಲೇಡಿನಿಂದ, ಹಬ್ಬದ ದಿನ ಹೊಸ ಬಟ್ಟೆಯ ಕವರು ಬಿಡಿಸುವಷ್ಟು ಜೋಪಾನವಾಗಿ ಕತ್ತರಿಸಿದರು. ಗೋಂದು ಹಸಿಯಾಗಿತ್ತು. ಕಿಟ್ಟಿನಲ್ಲಿದ್ದ ತೇಪೆ ಮುಳ್ಳಿನ ಗೀರಿಗೆ ಸಾಲದಾಗಿತ್ತು. ಅವರು ಕೆಳಗಿಳಿದು ಬಂದು, ಕತ್ತರಿ ಹುಡುಕಿ, ತಮ್ಮ ಸತ್ತ ಹಲಗೆಯ ಇನ್ನೂ ಗಟ್ಟಿಯಾಗಿದ್ದ ತಳದಿಂದ ಅಂಗೈಯಗಲದ ಒಂದು ತುಂಡು ಕತ್ತರಿಸಿದರು; ಮೂಲೆ ಎದ್ದುಬರದಂತೆ ದುಂಡಗೆ. ಮತ್ತೆ ಮೇಲೆ ಹೋಗಿ, ಉಜ್ಜಿ, ಒರೆಸಿ, ಗೋಂದು ಹಚ್ಚಿ, ಅಂಟಿಸಿ, ಮೇಲೆ ಚಂದ್ರಪ್ರಭಾರ ಮಸಾಲೆ ಅರೆಯುವ ಕಲ್ಲು ಹೇರಿಟ್ಟು, ಒಂದಿಡೀ ದಿನ ಯಾರೂ ಮುಟ್ಟಬಾರದೆಂದು ಎಲ್ಲರಿಗೂ ತಾಕೀತು ಮಾಡಿದರು. ಕ್ಲೌಸ್ ಲೆಕ್ಕದಲ್ಲಿ ಎರಡು ವರ್ಷದ ಕನಿಷ್ಠ ಆಯುಷ್ಯವನ್ನೂ ಮುಟ್ಟದ ಅವರ ಹಲಗೆ ಹೀಗೆ ಇನ್ನೊಂದರ ಮೈಮೇಲೆ ಉಳಿಯಿತು.

ಈಗ ತಿಂಗಳ ಮೊದಲ ಭಾನುವಾರ ಮಡಿಕೆ ಬದಲಿಸುವುದು ಸೂರ್ಯನಾರಾಯಣರ ಡ್ಯೂಟಿ. ಸ್ಟೋರ್ಸಿನಿಂದ ಒಂದು ರಟ್ಟಿನ ಕಾರ್ಡು ತಂದು ಚೀಲಕ್ಕೆ ಕಟ್ಟಿದ್ದಾರೆ: ಯಾವತ್ತು ತೊಳೆದದ್ದು, ಯಾವ ಕಡೆಯಿಂದ ಸುತ್ತಿದ್ದು, ಮುಳ್ಳು ಎಷ್ಟರಲ್ಲಿ ನಿಂತದ್ದು. ಹನ್ನೆರಡಕ್ಕಿಂತ ಹೆಚ್ಚು ಎಲ್ಲೂ ಬರೆದಿಲ್ಲ. ಪಂಪು ಹೊಡೆಯುವಾಗ ಅಚ್ಚಪ್ಪ ಒಂದು ಹೆಚ್ಚು ಹೊಡೆದರೂ ಕೆಳಗಿನಿಂದ ಕೂಗು ಬರುತ್ತದೆ, “ಸಾಕು! ಇನ್ನೂರ ಹತ್ತಾಯ್ತು!”

“ನೋಡಿ ತಂಗಿ,” ಎಂದು ಮೊನ್ನೆ ಅಚ್ಚಪ್ಪ ಮೆಟ್ಟಿಲಲ್ಲಿ ನಿಂತು ಚಂದ್ರಪ್ರಭಾರಿಗೆ ದೂರು ಹೇಳುತ್ತಿದ್ದರು. “ನನ್ನ ಬೋರ್ಡ್ ಮುಟ್ಟಕ್ಕೆ ನಾನು ಸಾಬ್‌ಗೆ ಸ್ಟೋರ್ಸಿನ ಹಾಗೆ ಇಂಡೆಂಟ್ ಚೀಟಿ ಬರ್ಕೊಡ್ಬೇಕಂತೆ.”

ಸೂರ್ಯನಾರಾಯಣರು ಅದನ್ನು ಕೇಳಿಸಿಕೊಂಡೂ ಕೇಳಿಸದಂತೆ, ಮನೆಗೆ ಬಂದಿದ್ದ ನೆಂಟರಿಗೆ ಹಲಗೆ ತೋರಿಸುತ್ತಿದ್ದರು. ಹತ್ತಡಿ ಕಡುನೀಲಿಯನ್ನು ಬಿಟ್ಟು, ಅಂಚಿನಲ್ಲಿದ್ದ ಅಂಗೈಯಗಲದ ಮಾಸಲು ನೀಲಿಯ ಮೇಲೆ ಬೆರಳಿಟ್ಟು ಹೇಳುತ್ತಿದ್ದರು:

“ಇದು ನಮ್ಮದು. ಇಲ್ಲೊಂದು ಗುಳ್ಳೆ ಬರ್ಲಿ ನೋಡೋಣ.”